ಐದು ಚಿತ್ರಕ್ಕೆ ಅರ್ಧ ವಾಕ್ಯ

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಪ್ರಿಯಾಂಕಾ ಚೋಪ್ರಾಗೆ ಎರಡು ಪುಟ, ಬಣ್ಣದ ಫೋಟೊ. ಮಂಗಳೂರಲ್ಲಿ ಹುಟ್ಟಿದ ನಮ್ಮ ಐಶ್ವರ್ಯಾ ರೈ ಇಂಗ್ಲಿಷ್ ಚಿತ್ರಗಳಿಗೆ 'ಕೈಕೊಟ್ಟ ಪ್ರಯತ್ನ' ಅಂತ ಅರ್ಧ ವಾಕ್ಯ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು, ಆಕೆಯ ಮಾತಲ್ಲಿ ನನಗೆ ತಪ್ಪು ಕಾಣಲಿಲ್ಲ. ನಿಮಗೇನು ಕಂಡಿತು?"

ಮೇಷ್ಟ್ರೇ, ಆ ಅರ್ಧ ವಾಕ್ಯ ಲೇಖಕರದ್ದಲ್ಲ, ನನ್ನದು. ಪುಟ ಮುಗಿದಿತ್ತು, ಮ್ಯಾಟರ್ ಉಳಿದಿತ್ತು. ಅವರು ಬರೆದಿದ್ದ ಇಡೀ ಪ್ಯಾರಾ ಕತ್ತರಿಸಿ ಆ ಎರಡು ಪದ ಅಂಟಿಸಿದೆ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಉಚ್ಚಾರಣೆಯ ತಕರಾರು ನನಗೂ ಇಲ್ಲ. 'ಪೊನ್ನಿಯಿನ್ ಸೆಲ್ವನ್' ತಮಿಳಿನಲ್ಲಿ ಅವರ ಮುಖಕ್ಕೆ ಬೇರೆಯವರ ಕಂಠ. ಇಂಗ್ಲಿಷ್ ಚಿತ್ರಗಳಲ್ಲಿ ಮುಖವೂ ಅವರದೇ, ದನಿಯೂ ಅವರದೇ. ನನ್ನ ತಕರಾರು ಪಾತ್ರಗಳ ಬಗ್ಗೆ. ಕಂಪನಿ ನಾಟಕ ನೋಡಿ ಬೆಳೆದ ಊರು ನಮ್ಮದು. ಈ ಪಾತ್ರವನ್ನು ಎತ್ತಿ ಪಕ್ಕಕ್ಕಿಟ್ಟರೆ ನಾಟಕ ನಿಲ್ಲುತ್ತದೋ ಬೀಳುತ್ತದೋ ಅಂತ ಕೇಳಿಕೊಂಡರೆ ಸಾಕು, ಪಾತ್ರದ ತೂಕ ಗೊತ್ತಾಗುತ್ತದೆ.

2007ರ 'ದಿ ಲಾಸ್ಟ್ ಲೀಜನ್' ನೋಡಿ. ರೋಮ್ ಸಾಮ್ರಾಜ್ಯ ಮುಳುಗುವ ಕಾಲದಲ್ಲಿ ಕೇರಳದಿಂದ ಬಂದ ಮೀರಾ ಎಂಬ ಯೋಧೆ ಕತ್ತಿ ಬೀಸುತ್ತಾಳೆ. ಚೆನ್ನಾಗಿಯೇ ಬೀಸುತ್ತಾಳೆ. ಆದರೆ ಅವಳು ಕೇರಳದವಳೇ ಯಾಕಾಗಬೇಕಿತ್ತು? 2009ರ 'ದಿ ಪಿಂಕ್ ಪ್ಯಾಂಥರ್ 2' ಚಿತ್ರದಲ್ಲಿ ಹಾಸ್ಯವೆಲ್ಲ ಸ್ಟೀವ್ ಮಾರ್ಟಿನ್ ಪಾಲು, ಇವರಿಗೆ ಉಡುಪು ಮಾತ್ರ. ಬೆಂಗಳೂರಿನಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ನೋಡಿ ಒಳಗೆ ಹೋಗಿ ಕೂತರೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಜತೆ ಸಾಂಬಾರ್ ಬಟ್ಟಲೂ ಬರುತ್ತದಲ್ಲ, ಹಾಗಿದೆ ಇದು. ನಮ್ಮ ಹೆಸರು ಬೇಕು, ನಮ್ಮ ರುಚಿ ಬೇಡ.

ಗುರಿಂದರ್ ಚಡ್ಡಾ ಅವರ 'ಬ್ರೈಡ್ ಅಂಡ್ ಪ್ರೆಜುಡೀಸ್' (2004) ಖುಷಿಯ ಚಿತ್ರ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಮಸಾಲೆ ಅಂಗಡಿಯ ಮಾಯಾವಿನಿಯ ಚಿತ್ರ 'ದಿ ಮಿಸ್ಟ್ರೆಸ್ ಆಫ್ ಸ್ಪೈಸಸ್' (2005) ಬಗ್ಗೆ ಮಾತಾಡದಿದ್ದರೇ ಇಬ್ಬರಿಗೂ ಮರ್ಯಾದೆ.

ಉಳಿದದ್ದು 2006ರ 'ಪ್ರೊವೋಕ್ಡ್'. ನನ್ನ ಕತ್ತರಿ ನಿಜಕ್ಕೂ ತಪ್ಪು ಮಾಡಿದ್ದು ಇಲ್ಲಿ. ಇದು ಕಿರಣ್‌ಜಿತ್ ಅಹ್ಲುವಾಲಿಯಾ ಎಂಬ ಹೆಣ್ಣುಮಗಳ ನಿಜಕಥೆ. ಪಂಜಾಬಿನಿಂದ ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ ಹತ್ತು ವರ್ಷ ಗಂಡನ ಕೈಲಿ ಏಟು ತಿಂದವಳು. 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿ ಇಟ್ಟಳು. ಅವನು ಸತ್ತ, ಇವಳಿಗೆ ಜೀವಾವಧಿ. ವಿಚಾರಣೆಯಲ್ಲಿ ಅವಳು ಸಾಕ್ಷಿಕಟ್ಟೆ ಹತ್ತಲಿಲ್ಲ. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಬೆನ್ನಿಗೆ ನಿಂತಿತು. 1992ರಲ್ಲಿ ಮೇಲ್ಮನವಿ ಗೆದ್ದು, ಕೊಲೆಯ ಆರೋಪ ಕಳಚಿ, ಅದುವರೆಗೆ ಅನುಭವಿಸಿದ ಶಿಕ್ಷೆಯೇ ಸಾಕೆಂದಾಗಿ ಹೊರಬಂದಳು. ದಿನವೂ ಏಟು ತಿಂದ ಹೆಂಗಸಿನ ಸಿಟ್ಟು ಆ ಗಳಿಗೆಯಲ್ಲೇ ಉಕ್ಕಬೇಕೆಂದೇನಿಲ್ಲ, ಒಳಗೊಳಗೇ ಕುದಿಯಬಹುದು ಎಂಬುದನ್ನು ಅಲ್ಲಿನ ನ್ಯಾಯಾಲಯ ಗಂಭೀರವಾಗಿ ಕೇಳಿಸಿಕೊಂಡ ಮೊಕದ್ದಮೆ ಅದು.

ಈ ಪಾತ್ರವನ್ನು ಎತ್ತಿಟ್ಟರೆ ಚಿತ್ರವೇ ಇಲ್ಲ. ಪರದೇಶದಲ್ಲಿ ಮಾತು ಸೋತವಳಿಗೆ ತಡವರಿಸುವ ಇಂಗ್ಲಿಷೇ ಸರಿ. ನೀವು ಮೆಚ್ಚುವ ಶುದ್ಧ ಉಚ್ಚಾರಣೆ ಇಲ್ಲಿ ಅಡ್ಡ ಬರುತ್ತಿತ್ತು, ಮೇಷ್ಟ್ರೇ! ಐಶ್ವರ್ಯಾ ಎಲ್ಲ ಕಡೆ ಗೆದ್ದಿದ್ದಾರೆ ಎನ್ನಲಾರೆ. ಅಳುವ ದೃಶ್ಯಗಳಲ್ಲಿ ಹಿಂದಿ ಸಿನಿಮಾದ ಅಳು ಇಣುಕುತ್ತದೆ. ಆದರೆ ಜೈಲಿಗೆ ಹೋದ ಮೇಲೆ, ಹೊಡೆಯುವವರಿಲ್ಲದ ಜಾಗದಲ್ಲಿ ಮುಖ ನಿಧಾನಕ್ಕೆ ಸಡಿಲವಾಗುವುದಿದೆಯಲ್ಲ, ಅದು ನಟನೆ. 'ದಿ ನೇಮ್‌ಸೇಕ್'ನಲ್ಲಿ ಹೊಸ ಮದುವಣಗಿತ್ತಿಯಿಂದ ವಿಧವೆಯವರೆಗೆ ತಬು ನಡೆದ ದಾರಿಯ ಪಕ್ಕದಲ್ಲಿ ಇದನ್ನು ಧೈರ್ಯವಾಗಿ ಇಡಬಹುದು.

ಹೊರಗೆ ಹೋಗಿ ಇಂಗ್ಲಿಷ್ ಚಿತ್ರ ಮಾಡುವುದೂ ಹೊಸತಲ್ಲ. 1933ರಲ್ಲೇ ದೇವಿಕಾ ರಾಣಿ 'ಕರ್ಮ'ದಲ್ಲಿ ಇಂಗ್ಲಿಷ್ ಮಾತಾಡಿದ್ದರು. ಆಮೇಲೆ ಅವರು ಬಂದು ನೆಲೆಸಿದ್ದು ಬೆಂಗಳೂರಿನ ಹೊರಗಿನ ತಾತಗುಣಿ ತೋಟದಲ್ಲಿ.

ಕತ್ತರಿಸಿದ ಪ್ಯಾರಾ ಮುಂದಿನ ಸಂಚಿಕೆಯಲ್ಲಿ ಇಡಿಯಾಗಿ ಬರುತ್ತದೆ. ಫೋಟೊ ಬಣ್ಣದ್ದೇ, ಆದರೆ ಪಿಂಕ್ ಪ್ಯಾಂಥರಿನದಲ್ಲ.

– ಸಂ.