ಆ್ಯಮ್, ಈಸ್, ಆರ್: ನಿಯಮ ಬಾಯಿಪಾಠ, ಆದರೂ ಮಾತಲ್ಲಿ ತಪ್ಪುತ್ತದೆ ಯಾಕೆ?

ನೀವು ಕೇಳಿದ್ದು ಇಷ್ಟು: "ಐ ಜೊತೆ ಆ್ಯಮ್, ಹಿ ಜೊತೆ ಈಸ್, ದೇ ಜೊತೆ ಆರ್. ಇದೆಲ್ಲ ಗೊತ್ತು. ಆದರೂ ಮಾತಾಡುವಾಗ 'ಐ ಆ್ಯಮ್ ಗೋ', 'ಐ ಆ್ಯಮ್ ಅಗ್ರೀ', 'ಎವ್ರಿವನ್ ಆರ್ ಹಿಯರ್' ಅಂತ ಬಂದುಬಿಡುತ್ತದೆ. ಏನು ಮಾಡಲಿ?"

ನನಗೂ ವರ್ಷಗಟ್ಟಲೆ ಹೀಗೇ ಆಗುತ್ತಿತ್ತು. ಪಟ್ಟಿಯನ್ನು ಮತ್ತೆ ಮತ್ತೆ ಉರು ಹೊಡೆದೆ, ಏನೂ ಪ್ರಯೋಜನ ಆಗಲಿಲ್ಲ. ಯಾವ ರೂಪ ಹಾಕಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ಹಾಕಬೇಕೋ ಬೇಡವೋ ಅನ್ನುವಲ್ಲಿ ಎಡವುತ್ತಿದ್ದೀರಿ. ನನಗೆ ದಾರಿ ಸಿಕ್ಕಿದ್ದು ಕನ್ನಡದಲ್ಲೇ.

"ಹೋಗುತ್ತಿದ್ದೇನೆ" ಅನ್ನುವ ಮಾತನ್ನು ಬಿಡಿಸಿ ನೋಡಿ. ಹೋಗುತ್ತ, ಇದ್ದೇನೆ. ಈ "ಇದ್ದೇನೆ"ಯೇ ಆ್ಯಮ್, "ಹೋಗುತ್ತ" ಅನ್ನುವುದೇ ಗೋಯಿಂಗ್. ಐ ಆ್ಯಮ್ ಗೋಯಿಂಗ್. ಈಗ "ದಿನಾ ಹೋಗುತ್ತೇನೆ" ತಗೊಳ್ಳಿ. ಇದರಲ್ಲಿ "ಇದ್ದೇನೆ" ಇಲ್ಲ, ಹಾಗಾಗಿ ಆ್ಯಮ್ ಕೂಡ ಬರುವುದಿಲ್ಲ. ಬರೀ ಐ ಗೋ. "ಒಪ್ಪುತ್ತೇನೆ" ಕೂಡ ಹಾಗೇ, ಐ ಅಗ್ರೀ. ಇದೊಂದು ಪರೀಕ್ಷೆ ಮಾಡಿಕೊಂಡರೆ ನಿಮ್ಮ ಮೊದಲ ಎರಡು ತಪ್ಪುಗಳು ನಿಲ್ಲುತ್ತವೆ. ಆದರೆ "ಹೋಗಿದ್ದೇನೆ" ಬಂದಾಗ ಹುಷಾರು. ಅಲ್ಲೂ "ಇದ್ದೇನೆ" ಇದೆ, ಆದರೆ ಕೆಲಸ ಮುಗಿದಿದೆ. ಅದಕ್ಕೆ ಹ್ಯಾವ್ ಬೇಕು.

"ನಾನು ಟೀಚರ್", "ಅವಳು ಜಾಣೆ" ಅನ್ನುವಾಗ ಮಾತ್ರ ಕನ್ನಡ ಕೈಕೊಡುತ್ತದೆ. ಈ ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ, ಅಲ್ವಾ? ಇಂಗ್ಲಿಷ್ ಆ ಜಾಗವನ್ನು ಖಾಲಿ ಬಿಡುವುದಿಲ್ಲ. ಐ ಆ್ಯಮ್ ಎ ಟೀಚರ್, ಶಿ ಈಸ್ ಕ್ಲೆವರ್. ಕನ್ನಡದಲ್ಲಿ ಕ್ರಿಯಾಪದ ಕಾಣದಿದ್ದರೆ ಇಂಗ್ಲಿಷ್‌ನಲ್ಲಿ ಆ್ಯಮ್, ಈಸ್, ಆರ್ ಹುಡುಕಿ.

ಇನ್ನು "ನನಗೆ ಇಬ್ಬರು ತಮ್ಮಂದಿರು ಇದ್ದಾರೆ", "ನನ್ನ ಹತ್ತಿರ ಕಾರು ಇದೆ" ಅನ್ನುವ ಮಾತು. ಇಲ್ಲಿ ಇದ್ದಾರೆ, ಇದೆ ಕಣ್ಣಿಗೆ ಕಂಡರೂ ಐ ಹ್ಯಾವ್ ಅನ್ನಬೇಕು. "ನನಗೆ" ಯಾರೋ ಇದ್ದಾರೆ, "ನನ್ನ ಹತ್ತಿರ" ಏನೋ ಇದೆ ಅಂತ ಹೇಳುವಾಗ ಹ್ಯಾವ್ ನೆನಪಾಗಲಿ. ಐ ಆ್ಯಮ್ ಹ್ಯಾವಿಂಗ್ ಎ ಕಾರ್ ಅನ್ನಬೇಡಿ.

"ಎವ್ರಿವನ್ ಆರ್" ತಪ್ಪು ಬರುವುದೂ ಕನ್ನಡದಿಂದಲೇ. "ಎಲ್ಲರೂ ಇದ್ದಾರೆ" ನಮಗೆ ಬಹುವಚನ. ಇಂಗ್ಲಿಷ್‌ನಲ್ಲಿ ಎವ್ರಿವನ್ ಅಂದರೆ "ಪ್ರತಿಯೊಬ್ಬನೂ", ಅಂದರೆ ಏಕವಚನ. ಹಾಗಾಗಿ ಎವ್ರಿವನ್ ಈಸ್. "ಒನ್ ಆಫ್ ಮೈ ಫ್ರೆಂಡ್ಸ್" ಬಂದಾಗಲೂ ಈಸ್ ಹಾಕಿ, ಯಾಕೆಂದರೆ ಮಾತು ಇರುವುದು ಆ ಒಬ್ಬರ ಬಗ್ಗೆ.

ಒಬ್ಬರಿಗೇ ಹೇಳಿದರೂ ಯು ಜೊತೆ ಆರ್ ಯಾಕೆ ಅನ್ನುವುದು ನನ್ನನ್ನು ತುಂಬಾ ಕಾಡಿತ್ತು. ಹಿಂದೆ ಇಂಗ್ಲಿಷ್‌ನಲ್ಲೂ "ನೀನು" ಇತ್ತು, ದೌ ಅಂತ. ಅದರ ಜೊತೆ ಆರ್ಟ್ ಬರುತ್ತಿತ್ತು. ಯು ಅಂದರೆ "ನೀವು". ಕಾಲ ಕಳೆದಂತೆ "ನೀನು" ಬಳಕೆ ತಪ್ಪಿತು, "ನೀವು" ಉಳಿಯಿತು. ನಾವೂ ಒಬ್ಬರಿಗೇ "ನೀವು ಇದ್ದೀರಿ" ಅನ್ನುತ್ತೇವಲ್ಲ, ಅದೇ ಲೆಕ್ಕ. ಆದರೆ ಗೌರವದ ಬಹುವಚನ ಇಂಗ್ಲಿಷ್‌ನಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. "ಅಪ್ಪ ಇದ್ದಾರೆ" ಅನ್ನಲು ಮೈ ಫಾದರ್ ಈಸ್ ಅಂದರೆ ಸಾಕು, ಅದರಲ್ಲಿ ಅಗೌರವ ಏನೂ ಇಲ್ಲ.

ಈ ಕ್ರಿಯಾಪದದ ರೂಪಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುವುದಕ್ಕೂ ಕಾರಣ ಇದೆ. ಬೇರೆ ಬೇರೆ ಹಳೆಯ ಕ್ರಿಯಾಪದಗಳು ಸೇರಿ ಇದಾಗಿದೆ. ಆ್ಯಮ್, ಈಸ್ ಎರಡೂ ಸಂಸ್ಕೃತದ ಅಸ್ಮಿ, ಅಸ್ತಿಗಳ ದೂರದ ನೆಂಟರು. ಬಿ ಅನ್ನುವುದು ಭವತಿಯ ಕಡೆಯದು. ವಾಸ್ ಅನ್ನುವುದಕ್ಕೂ ನಾವು ಹೇಳುವ "ವಾಸ"ಕ್ಕೂ ಬೇರು ಒಂದೇ. ಇದು ತಿಳಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅಲ್ಲಿಯವರೆಗೆ ಇದ್ದ ಭಯವೇ ಹೋಯಿತು.

ಅಭ್ಯಾಸಕ್ಕೆ ಪಟ್ಟಿ ಬಿಡಿ. ಈಗ ನೀವು ಮಾಡುತ್ತಿರುವ ಕೆಲಸವನ್ನು ಜೋರಾಗಿ ಹೇಳಿ: ಐಮ್ ರೀಡಿಂಗ್. ಆಮೇಲೆ ಅದೇ ಕೆಲಸ ದಿನಾ ಮಾಡುವ ಹಾಗೆ ಹೇಳಿ: ಐ ರೀಡ್ ಎವ್ರಿ ಡೇ. ಈ ಜೋಡಿಯನ್ನು ಹತ್ತಾರು ಕೆಲಸಗಳಿಗೆ ಹೇಳಿ ನೋಡಿ. ಐ ಆ್ಯಮ್ ಅಂತ ಬಿಡಿಸಿ ಹೇಳುವುದಕ್ಕಿಂತ ಐಮ್, ಹೀಸ್ ಅಂತ ಕೂಡಿಸಿ ಹೇಳಿದರೆ ನಾಲಿಗೆಗೆ ಬೇಗ ಒಗ್ಗುತ್ತದೆ.