ಹನ್ನೊಂದು ಕೋಳಿಗೆ ನೂರು ಡೋಸಿನ ಶೀಶೆ

ಕೋಲಾರ ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಹಿತ್ತಲಿನವು. ಎಲ್ಲವೂ ಸಂತೋಷದಿಂದಲೇ ಶುರುವಾಗುತ್ತವೆ. ಬದನೆ ಗಿಡ ಬಾಗುವಷ್ಟು ಕಾಯಿ ಬಿಟ್ಟಿದೆ, ಎರಡಿದ್ದ ಕೋಳಿ ಹದಿನೈದಾಗಿವೆ ಅಂತ. ನಾಲ್ಕನೇ ಸಾಲಿಗೆ ‘ಆದರೆ ಡಾಕ್ಟ್ರೇ’ ಬರುತ್ತದೆ. ಗೂಡು ಹೇಗಿರಬೇಕು, ನೀರು ಎಲ್ಲಿಡಬೇಕು ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ನಿಮ್ಮ ಅಜ್ಜಿಯನ್ನು ಕೇಳಿ.

ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುತ್ತದೆಯೇ? – ಬಂಗಾರಪೇಟೆಯ ಓದುಗರು

ಇಡುತ್ತದೆ. ಮರಿ ಬೇಕಿದ್ದರೆ ಮಾತ್ರ ಹುಂಜ ಬೇಕು. ಇನ್ನು ಮುಂದೆ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಹಿತ್ತಲಲ್ಲಿ ಟೊಮೆಟೊ, ಬದನೆ, ಹೀರೆ ಚೆನ್ನಾಗಿ ಬಂದಿವೆ. ಹನ್ನೊಂದು ಕೋಳಿ ಇವೆ, ಎರಡು ಕಾವಿಗೆ ಕೂತಿವೆ. ಸಂತೆಯಿಂದ ಇನ್ನೂ ಆರು ತರೋಣ ಅಂತಿದ್ದೇವೆ. ಆದರೆ ಹೋದ ಯುಗಾದಿ ಹೊತ್ತಿಗೆ ಇದ್ದವೆಲ್ಲ ಕತ್ತು ತಿರುಚಿ ಸತ್ತಿದ್ದವು. ಬೆಳ್ಳುಳ್ಳಿ, ಅರಿಶಿನ ಎಷ್ಟೆಷ್ಟು ಕೊಡಬೇಕು? ಲಸಿಕೆ ಶೀಶೆ ನೂರು ಕೋಳಿಗೆ ಅಂತೆ, ನಮಗೆ ದಂಡ ಅಲ್ಲವೇ? – ಶ್ರೀನಿವಾಸಪುರದ ಗೃಹಿಣಿ

ಕತ್ತು ತಿರುಚಿ ಸಾಲಾಗಿ ಸತ್ತವು ಎಂದರೆ ಬಹುಮಟ್ಟಿಗೆ ಕೊಕ್ಕರೆ ರೋಗವೇ ಅಮ್ಮ. ನಿಮ್ಮ ಕಡೆ ತೆಲುಗಿನಲ್ಲಿ ಕೊಕ್ಕೆರ ತೆಗುಲು ಅಂತಾರೆ, ನಮ್ಮ ಪುಸ್ತಕದಲ್ಲಿ ರಾಣಿಖೇತ್. ವೈರಸ್ಸಿನಿಂದ ಬರುತ್ತದೆ, ಬಂದ ಮೇಲೆ ಔಷಧವಿಲ್ಲ. ಬೆಳ್ಳುಳ್ಳಿ, ಅರಿಶಿನ, ಸಾರಾಯಿ, ರೆಕ್ಕೆಗೆ ಬರೆ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುವ ಆ್ಯಂಟಿಬಯಾಟಿಕ್, ಯಾವುದಕ್ಕೂ ಇದು ಬಗ್ಗುವುದಿಲ್ಲ. ಸಂತೆಯಲ್ಲಿ ನೀಲಿ ನೀರಿನ ಬಾಟಲಿ ಮಾರುವವನೊಬ್ಬನನ್ನು ಕೇಳಿದ್ದೆ, ‘ಇದು ಯಾವ ರೋಗಕ್ಕಪ್ಪಾ?’ ಅಂತ. ‘ನಿಮ್ಮ ಕೋಳಿಗೆ ಯಾವ ರೋಗ ಸಾರ್?’ ಅಂದ.

ನಾನೇನೂ ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂತೆ ಮುಗಿಯುವ ಹೊತ್ತಿಗೆ ಮಿಕ್ಕಿದ್ದ ಒಂದು ಕೆಂಪು ಹೇಂಟೆ ಅಗ್ಗಕ್ಕೆ ಬಂತೆಂದು ತಂದು, ರಾತ್ರಿ ಹಳೆಯವುಗಳ ಜೊತೆಗೇ ಗೂಡಿಗೆ ನೂಕಿದೆ. ಆರನೇ ದಿನ ಬೆಳಗ್ಗೆ ಕರಿಬೇವಿನ ಬುಡದಲ್ಲಿ ನಮ್ಮ ಹಳೇ ಹೇಂಟೆ ರೆಕ್ಕೆ ಇಳಿಬಿಟ್ಟು ನಿಂತಿತ್ತು. ಬಾಯಿ ತೆರೆದು ಗೊರಗೊರ ಉಸಿರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರಾದ ಹಸಿರು ಹಿಕ್ಕೆ, ಅಂಚಿಗೆ ಸುಣ್ಣದಂಥ ಬಿಳುಪು. ಎರಡು ದಿನ ಕಳೆದು ಕತ್ತು ಹಿಂದಕ್ಕೆ ತಿರುಗಿತು. ರಾಗಿ ಕಾಳಿಗೆ ಕುಕ್ಕಿದರೆ ಕೊಕ್ಕು ಪಕ್ಕದ ನೆಲಕ್ಕೆ ಬೀಳುತ್ತಿತ್ತು. ಹತ್ತೊಂಬತ್ತರಲ್ಲಿ ನಾಲ್ಕು ಉಳಿದವು. ಊರಿಗೆಲ್ಲ ಲಸಿಕೆ ಹಾಕುವವನ ಮನೆ ಕೋಳಿಗೇ ಲಸಿಕೆ ಆಗಿರಲಿಲ್ಲ.

ಯುಗಾದಿಗೇ ಯಾಕೆ ಎಂದು ಕೇಳಬೇಡಿ, ಗ್ರಹಚಾರವಲ್ಲ. ಶಿವರಾತ್ರಿ ಕಳೆದರೆ ಬಿಸಿಲು ಏರುತ್ತದೆ, ಕೋಳಿ ಬಸವಳಿಯುತ್ತದೆ. ವರ್ಷತೊಡಕಿಗೆಂದು ಸಂತೆಯಿಂದ ಸಂತೆಗೆ, ಊರಿಂದ ಊರಿಗೆ ಕೋಳಿ ಓಡಾಡುತ್ತವೆ. ರೋಗ ಬಂದ ಮನೆಯವರು ಕೋಳಿ ಸಾಯುವ ಮೊದಲೇ ಮಾರೋಣ ಅನ್ನುತ್ತಾರೆ. ನೀವು ಅಗ್ಗಕ್ಕೆ ಕೊಳ್ಳುವುದು ಅದನ್ನೇ.

ಈಗ ಲಸಿಕೆ. ಮರಿಗೆ 5ರಿಂದ 7ನೇ ದಿನದೊಳಗೆ ಎಫ್-1 ಅಥವಾ ಲಸೋಟ ಎಂಬ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರ ಮತ್ತೆ ಲಸೋಟ. ಎಂಟನೇ ವಾರ ಆರ್2ಬಿ, ರೆಕ್ಕೆಯ ಚರ್ಮದಡಿ ಅರ್ಧ ಮಿಲಿ. ಆರ್2ಬಿ ಗಟ್ಟಿ ಲಸಿಕೆ, ಎಳೆಯ ಮರಿಗೆ ಚುಚ್ಚಬೇಡಿ. ತೂಕಡಿಸುವ ಕೋಳಿಗೂ ಬೇಡ. ಹನಿ ನಿಮ್ಮ ಕಣ್ಣಿಗೆ ಸಿಡಿದರೆ ಕಣ್ಣು ಕೆಂಪಾಗುತ್ತದೆ, ಹುಷಾರು.

ಶೀಶೆ ನೂರು ಡೋಸಿನದು ಎಂಬುದು ನಿಜ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ವಾರ ಹಾಕಿದರೆ ಬರೀ ನೀರು ಹಾಕಿದ ಹಾಗೆ. ಮೂವತ್ತು ವರ್ಷದಿಂದ ನನಗೆ ಸಿಟ್ಟು ಬರುವುದು ಇಲ್ಲೇ. ನಿಮ್ಮ ಹನ್ನೊಂದು, ಎದುರು ಮನೆಯ ಒಂಬತ್ತು, ಮೂಲೆ ಮನೆಯ ಇಪ್ಪತ್ತು, ಹೀಗೆ ಬೀದಿಯ ಕೋಳಿಗಳೆಲ್ಲ ಸೇರಿದರೆ ಶೀಶೆ ಖಾಲಿ. ಟೊಮೆಟೊ ಬೆಲೆ ಮಾತಾಡಲು ಇಡೀ ಬೀದಿ ಜಗಲಿಯ ಮೇಲೆ ಸೇರುತ್ತೀರಿ, ಇದಕ್ಕೆ ಸೇರಲು ಏನು ಕಷ್ಟ? ಪಶು ಆಸ್ಪತ್ರೆಗೆ ಮೊದಲೇ ಹೇಳಿ ಒಂದು ದಿನ ಗೊತ್ತು ಮಾಡಿ. ಹಿಂದಿನ ರಾತ್ರಿ ಎಲ್ಲರೂ ಕೋಳಿಗಳನ್ನು ಮಂಕರಿಯಲ್ಲಿ ಮುಚ್ಚಿಡಿ. ಥರ್ಮಾಸ್‌ನಲ್ಲಿ ಐಸ್ ಹಾಕಿ ಶೀಶೆ ತನ್ನಿ, ಬಿಸಿಲೇರುವ ಮೊದಲು ಮುಗಿಸಿ. ನಿಮ್ಮ ಒಬ್ಬರ ಕೋಳಿಗೆ ಹಾಕಿ ಪಕ್ಕದ ಮನೆಯದನ್ನು ಬಿಟ್ಟರೆ ನಿಮ್ಮ ಮುಂದಿನ ಮರಿಗಳಿಗೆ ರೋಗ ಬೇಲಿಯಾಚೆಯೇ ಕಾದಿರುತ್ತದೆ.

ಹೊಸ ಆರು ಕೋಳಿ? ನನ್ನನ್ನು ಕೇಳಿದರೆ ತರಲೇಬೇಡಿ. ಕಾವಿಗೆ ಕೂತ ಎರಡು 21ನೇ ದಿನ ಮರಿ ಎಬ್ಬಿಸುತ್ತವೆ, ಹಿತ್ತಲು ತಾನೇ ತುಂಬುತ್ತದೆ. ತಂದೇ ತರುತ್ತೀರಾದರೆ ಮೂರು ವಾರ ಮನೆಯ ಇನ್ನೊಂದು ಮಗ್ಗುಲಲ್ಲಿ ಬೇರೆ ಕಟ್ಟಿ. ಬೇರೆ ನೀರಿನ ತಟ್ಟೆ, ಹಳೆಯವಕ್ಕೆ ಕಾಳು ಹಾಕಿದ ಮೇಲೆ ಇವಕ್ಕೆ. ಸಂತೆಗೆ ಹೋದ ಚಪ್ಪಲಿಯಲ್ಲಿ ಗೂಡಿನ ಹತ್ತಿರ ಹೋಗಬೇಡಿ. ಸತ್ತ ಕೋಳಿಯನ್ನು ಕೆರೆಗೋ ತಿಪ್ಪೆಗೋ ಎಸೆಯದೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.

ಗೂಡು ಗುಡಿಸಿದ ಗೊಬ್ಬರ ಹಾಕಿದ ಮೇಲೆ ಹಾಗಲ ಬಳ್ಳಿಯ ಎಲೆಯಂಚು ಸುಟ್ಟಂತಾಗಿದೆ. ರೋಗವೇ? – ಗೌರಿಬಿದನೂರಿನ ಓದುಗರು

ರೋಗವಲ್ಲ, ನಿಮ್ಮ ಧಾರಾಳತನ. ಹಸಿ ಕೋಳಿ ಗೊಬ್ಬರದಲ್ಲಿ ಸಾರಜನಕ ವಿಪರೀತ, ಬೇರು ಸುಡುತ್ತದೆ. ಜೊತೆಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ರೋಗಾಣು ಇರಬಹುದು. ಕೊತ್ತಂಬರಿ, ಮೂಲಂಗಿ ಹಸಿಯಾಗಿ ತಿನ್ನುವವರು ಇದನ್ನು ಮರೆಯಬೇಡಿ. ಭತ್ತದ ಹೊಟ್ಟು, ಒಣಗಿದ ತರಗೆಲೆ ಧಾರಾಳವಾಗಿ ಬೆರೆಸಿ ರಾಶಿ ಹಾಕಿ, ಒದ್ದೆ ಮಾಡಿ, ಆಗಾಗ ತಿರುವಿ. ಕೈಯಿಟ್ಟರೆ ಬಿಸಿ ಇಲ್ಲ, ಮೂಗಿಗೆ ಘಾಟು ಇಲ್ಲ ಅನ್ನುವವರೆಗೆ ಪಾತಿಗೆ ಹಾಕಬೇಡಿ. ನಾನು ನಾಲ್ಕು ತಿಂಗಳು ಬಿಡುತ್ತೇನೆ. ನಮ್ಮ ಮನೆಯಾಕೆಗೆ ಅದೂ ಸಾಲದು.

ಕೋಳಿಗಳನ್ನು ತರಕಾರಿ ಮಡಿಗೆ ಬಿಡಬಹುದೇ? – ಚಿಂತಾಮಣಿಯ ಓದುಗರು

ಸಸಿ ಇರುವಾಗ ಬಿಟ್ಟರೆ ಸಂಜೆಗೆ ಬರೀ ನೆಲ. ಟೊಮೆಟೊ ಗಿಡ ಕಿತ್ತ ಮೇಲೆ ಬಿಡಿ. ಕಾಯಿ ಕೊರೆಯುವ ಹುಳುಗಳು ಮಣ್ಣಿನಲ್ಲಿ ಕೋಶ ಕಟ್ಟಿರುತ್ತವೆ, ಕೋಳಿಗಳು ಅವನ್ನು ಕೆದರಿ ತಿನ್ನುತ್ತವೆ. ಆದರೆ ಕೀಟನಾಶಕ ಹೊಡೆದ ಮಡಿಯಾದರೆ ಕೋಳಿಯನ್ನೂ ಮೊಟ್ಟೆಯನ್ನೂ ಮರೆತುಬಿಡಿ.

ಕಂದು ಮೊಟ್ಟೆಯಲ್ಲಿ ಶಕ್ತಿ ಹೆಚ್ಚೇ? – ಕೋಲಾರ

ಇಲ್ಲ. ಚಿಪ್ಪಿನ ಬಣ್ಣ ತಳಿಯದು. ಟೀ ಸೊಪ್ಪಿನ ನೀರಲ್ಲಿ ಅದ್ದಿ ‘ನಾಟಿ’ ಎಂದು ಮಾರುವವರೂ ಇದ್ದಾರೆ.

ಸೋರೆಕಾಯಿ ಕಹಿಯಾಗಿದೆ. ರಸ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ? – ಮಾಲೂರು

ಆಸ್ಪತ್ರೆ ಸೇರುತ್ತೀರಿ. ಕಹಿ ಸೋರೆ ವಿಷ, ಜೀವ ಹೋದದ್ದೂ ಇದೆ. ಬಿಸಾಕಿ, ಕೋಳಿಗೂ ಹಾಕಬೇಡಿ.

ದಿನಕ್ಕೆ ಎರಡು ಮೊಟ್ಟೆ ಇಡಿಸುವ ಪುಡಿ ಮನೆ ಬಾಗಿಲಿಗೆ ಬಂದಿತ್ತು. ಕೊಳ್ಳಬಹುದೇ? – ಮುಳಬಾಗಿಲು

ಒಂದು ಮೊಟ್ಟೆ ಹೊಟ್ಟೆಯಲ್ಲಿ ತಯಾರಾಗಲು 24ರಿಂದ 26 ಗಂಟೆ ಬೇಕು. ಲೆಕ್ಕ ನೀವೇ ಹಾಕಿ. ಅವನು ಮತ್ತೆ ಬಂದರೆ ಪುಡಿಯನ್ನು ಅವನಿಗೇ ತಿನ್ನಿಸಿ.