ಬೆಳಕಿನ ಯಂತ್ರ ‘ಏನಿಲ್ಲ’ ಅಂದರೆ ನಂಬಬಹುದಾ?

ಪ್ರಶ್ನೆ: ನನಗೆ 44 ವರ್ಷ. ಎರಡು ತಿಂಗಳ ಹಿಂದೆ ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಊರಿನ ಕ್ಯಾಂಪೊಂದರಲ್ಲಿ ಬೆಳಕು ಹಾಯಿಸಿ ನೋಡಿ ‘ಏನಿಲ್ಲ’ ಎಂದು ಚೀಟಿ ಕೊಟ್ಟರು. ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತೆ ಅಂತ ಅತ್ತಿಗೆ ಹೆದರಿಸುತ್ತಾರೆ. ಇಷ್ಟಕ್ಕೇ ಬಿಡಬಹುದಾ?
– ಹೆಸರು ಬೇಡ, ತಿಪಟೂರು

ಉತ್ತರ: ಬಿಡಬೇಡಿ. ಗಂಟು ಕೈಗೆ ಸಿಗುತ್ತಿದೆ ಅಂದಮೇಲೆ ಈ ವಾರವೇ ಡಾಕ್ಟರಿಗೆ ತೋರಿಸಿ.

ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟು ನೋಡಿ. ಬೆರಳೆಲ್ಲ ಕೆಂಪಗೆ ಹೊಳೆಯುತ್ತದೆ. ಆದರೆ ಒಳಗಿನ ಮೂಳೆ ಕಾಣುವುದಿಲ್ಲ, ಅಲ್ವಾ? ಮೈಯೊಳಗೆ ಬೆಳಕು ನೇರವಾಗಿ ಸಾಗುವುದಿಲ್ಲ, ಚೆದುರಿಹೋಗುತ್ತದೆ. 1929ರಲ್ಲೇ ಅಮೆರಿಕದ ಮ್ಯಾಕ್ಸ್ ಕಟ್ಲರ್ ಎಂಬ ವೈದ್ಯರು ಕತ್ತಲೆ ಕೋಣೆಯಲ್ಲಿ ಸ್ತನಕ್ಕೆ ದೀಪ ಹಿಡಿದು ನೋಡಿದ್ದರು. ಚಿತ್ರ ಮಸುಕು. ಅಂಥ ಮಸುಕಿನಲ್ಲಿ ಕಡಲೆಕಾಳಿನಷ್ಟು ಗಂಟು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಹಾಗಂತ ಬೆಳಕಿನ ವಿದ್ಯೆಯೇ ಸುಳ್ಳಲ್ಲ. ನನಗೆ ಅದರ ಮೇಲೆ ತುಂಬಾ ಭರವಸೆ ಇದೆ. ಬೆಳೆಯುವ ಕ್ಯಾನ್ಸರ್ ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅತಿಕೆಂಪು ಬೆಳಕನ್ನು ಆ ರಕ್ತ ಹೀರಿಕೊಳ್ಳುತ್ತದೆ. ರಕ್ತ ಎಲ್ಲಿ ಜಾಸ್ತಿ, ಆಮ್ಲಜನಕ ಎಲ್ಲಿ ಕಡಿಮೆ ಎಂದು ಇದರಿಂದ ಅಂದಾಜು ಸಿಗುತ್ತದೆ. ಇನ್ನೊಂದು ವಿಧಾನದಲ್ಲಿ ಲೇಸರ್ ಬೆಳಕು ಬಿದ್ದ ರಕ್ತ ಚೂರು ಬಿಸಿಯಾಗಿ, ಹಿಗ್ಗಿ, ಸದ್ದು ಮಾಡುತ್ತದೆ. ನಮ್ಮ ಕಿವಿಗೆ ಕೇಳದ ಸದ್ದು. ಅದನ್ನು ಹಿಡಿದು ಚಿತ್ರ ಮಾಡುತ್ತಾರೆ. ಇಂಥ ಒಂದು ಯಂತ್ರಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದನ್ನು ಬಳಸುವುದು ಅಲ್ಟ್ರಾಸೌಂಡ್ ಜೊತೆಗೆ, ಅದರ ಬದಲಿಗೆ ಅಲ್ಲ.

ನಾನು ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವವಳು. ನಿಮ್ಮಂಥದೇ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, ಒಂದು ವರ್ಷ ಸುಮ್ನಿದ್ದು ಬಂದ ಹೆಣ್ಣುಮಗಳೊಬ್ಬರನ್ನು ನೋಡಿದ್ದೇನೆ. ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಆ ಚೀಟಿಯ ಮಡಿಕೆಗಳು ಸವೆದು ಹರಿದಿದ್ದವು.

ನಿಮಗೆ ಬೇಕಾದದ್ದು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮತ್ತು ಅಲ್ಟ್ರಾಸೌಂಡ್. ಅನುಮಾನ ಉಳಿದರೆ ಸೂಜಿ ಹಾಕಿ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಬಯಾಪ್ಸಿಯಲ್ಲೇ. ಸೂಜಿಯಿಂದ ಹರಡುತ್ತದೆ ಎಂಬ ಭಯ ಬೇಡ, ಅತ್ತಿಗೆಯವರಿಗೂ ಹೇಳಿ. ಮ್ಯಾಮೊಗ್ರಾಮಿನಲ್ಲಿ ಸ್ತನವನ್ನು ಒತ್ತುವುದು ಕೆಲವೇ ಸೆಕೆಂಡು. ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ನಿಮ್ಮದು ಯಾವುದು ಎಂದು ನೋಡಲೇಬೇಕು.

ಹೋಗುವ ದಿನ ಎದೆಗೆ, ಕಂಕುಳಿಗೆ ಪೌಡರ್ ಹಾಕಬೇಡಿ. ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಕಂಡು ನಮಗೆ ಗೊಂದಲವಾಗುತ್ತದೆ.